ಹೊಲಿಗೆ ಬಿಚ್ಚಿದ ಮೇಲೆ

ನಮ್ಮ ಆಸ್ಪತ್ರೆಗಳಲ್ಲಿ ರೋಗಿ ಗುಣವಾದನೆಂದು ತೀರ್ಮಾನಿಸಲು ಇರುವ ಅಳತೆಗೋಲು ಒಂದೇ. ಅದು ಹೊಲಿಗೆ. ಹೊಲಿಗೆ ಒಣಗಿತೆ, ಕೀವಿಲ್ಲವೆ, ಜ್ವರವಿಲ್ಲವೆ, ಗಂಜಿ ಇಳಿಯಿತೆ, ಹಾಗಾದರೆ ಮನೆಗೆ ಹೋಗಬಹುದು. ಎಂಟನೆಯ ದಿನ ಬಂದು ಹೊಲಿಗೆ ಬಿಚ್ಚಿಸಿಕೊಂಡರೆ ಮುಗಿಯಿತು. ಅಲ್ಲಿಂದ ಮುಂದೆ ಆ ಮನುಷ್ಯನಿಗೆ ಏನಾದರೂ ಆದರೆ ಅದು ಅವನ ಹಣೆಬರಹ, ಇಲ್ಲವೆ ಅವನ ಹೇಡಿತನ, ಇಲ್ಲವೆ ಅವನ ಮನೆಯ ದೈವದ ಸಿಟ್ಟು. ಆಸ್ಪತ್ರೆಗೆ ಅದರ ಸಂಬಂಧವಿಲ್ಲ. ಈ ಅಳತೆಗೋಲು ಮೋಟಾಗಿದೆ, ಅದರಿಂದ ಅಳೆದವರು ಅರ್ಧ ರೋಗಿಯನ್ನಷ್ಟೇ ಅಳೆದು ಉಳಿದರ್ಧವನ್ನು ಬಸ್ಸು ಹತ್ತಿಸಿ ಕಳಿಸುತ್ತಿದ್ದಾರೆ ಎಂಬುದು ನನ್ನ ಆಕ್ಷೇಪ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಮನೆಗಳಲ್ಲಿ ನಾನು ಕಂಡದ್ದನ್ನೂ ನನಗೇ ಆದದ್ದನ್ನೂ ಆಧಾರವಾಗಿಟ್ಟುಕೊಂಡು ಈ ಆಕ್ಷೇಪವನ್ನು ವಾಚಕರ ಮುಂದಿಡುತ್ತಿದ್ದೇನೆ.

ನನ್ನದನ್ನೇ ಮೊದಲು ಹೇಳಿ ಮುಗಿಸುತ್ತೇನೆ. ಪರರ ಕಷ್ಟವನ್ನು ವಾದಕ್ಕೆಳೆಯುವವನು ತನ್ನದನ್ನು ಮುಚ್ಚಿಡಬಾರದು. ಎರಡು ವರ್ಷಗಳ ಹಿಂದೆ ನನಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ಕೆಲಸ ಅಚ್ಚುಕಟ್ಟಾಗಿ ನಡೆಯಿತು, ಮಾಡಿದವರ ಕೈಗೆ ನಾನು ಈಗಲೂ ಮುಗಿಯುತ್ತೇನೆ. ಮೇಜಿನ ಮೇಲೆ ಮಲಗಿಸಿ, ಮೂಗಿನ ಮೇಲೆ ಮುಸುಕು ಹಿಡಿದು, "ಎಣಿಸಿ" ಎಂದರು. ಒಂದು ಎಂದೆ, ಎರಡು ಎಂದೆ. ಮೂರು ನನ್ನ ಬಾಯಿಂದ ಬಂದ ನೆನಪಿಲ್ಲ. ಕಣ್ಣು ಬಿಟ್ಟಾಗ ಎಲ್ಲವೂ ಮುಗಿದಿತ್ತು. ಮೂರನೆಯ ದಿನ ಮನೆಗೆ ಬಂದೆ, ಎಂಟನೆಯ ದಿನ ಹೊಲಿಗೆ ಬಿಚ್ಚಿಸಿಕೊಂಡೆ, ಹನ್ನೊಂದನೆಯ ದಿನ ಬೈಂದೂರಿನಿಂದ ಕುಂದಾಪುರದ ಬಸ್ಸು ಹತ್ತಿದೆ. ಮರವಂತೆಯಲ್ಲಿ, ಬಲಗಡೆ ಕಡಲು, ಎಡಗಡೆ ಸೌಪರ್ಣಿಕೆ, ಊರೂರಿನವರು ಬಂದು ನಿಂತು ನೋಡುವ ಆ ಜಾಗದಲ್ಲಿ, ನನಗೆ ಸಾವು ಬಂತು.

ಸಾವು ಎನ್ನುವುದು ಅತಿಶಯೋಕ್ತಿಯಲ್ಲ. ಆ ಹೊತ್ತಿಗೆ ನನಗೆ ತೋರಿದ್ದು ಅದೇ. ಎದೆಯೊಳಗೆ ಯುದ್ಧಕುಣಿತದ ಚೆಂಡೆ ಬಾರಿಸಿದಂತಾಯಿತು. ಉಸಿರು ಒಳಗೆ ಹೋಗದು. ಬೆರಳ ತುದಿಗಳು ಜುಮುಜುಮು ಎಂದವು. ಬೆವರು ಅಂಗಿಯನ್ನು ನೆನೆಸಿತು. ಇದೀಗ, ಇಲ್ಲೇ, ಈ ಕಿಟಕಿಯ ಪಕ್ಕದಲ್ಲೇ ಹೋಗಿಬಿಡುತ್ತೇನೆಂಬ ಖಚಿತ ಜ್ಞಾನ. ಬಸ್ಸು ನಿಲ್ಲಿಸಿದರು, ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ಮುಟ್ಟಿಸಿದರು. ಹೃದಯದ ಪಟ್ಟಿ ತೆಗೆದು ನೋಡಿ, "ಎಲ್ಲ ನಾರ್ಮಲ್" ಎಂದರು. ಹದಿನೈದು ದಿನಗಳಲ್ಲಿ ಅಂಥ ಮೂರು ಪಟ್ಟಿಗಳನ್ನು ತೆಗೆಸಿದೆ. ಮೂರೂ ನಾರ್ಮಲ್. ನಾನು ಮಾತ್ರ ನಾರ್ಮಲ್ ಅಲ್ಲ. ಬಸ್ಸು ಹತ್ತುವುದು ಬಿಟ್ಟೆ. ಆಮೇಲೆ ರಾತ್ರಿ ನಿದ್ರೆ ಹೋಗುವುದನ್ನು ಬಿಟ್ಟೆ. ಕಣ್ಣು ಜಗ್ಗುವ ಕ್ಷಣದಲ್ಲಿ ಆ ಹೇಳದೆ ಉಳಿದ "ಮೂರು" ನೆನಪಾಗಿ ಧಿಗ್ಗನೆದ್ದು ಕೂರುತ್ತಿದ್ದೆ. ಮನೆಗೆ ಬಂದ ನೆಂಟರು ಕೇಳಿದ್ದು ಒಂದೇ ಮಾತು: "ಆಪರೇಷನ್ ಆಯಿ ಹದ್ನೈದ್ ದಿನ ಆಯ್ತ್, ಇನ್ನೆಂತ ಹೆದ್ರಿಕಿ ಮಾರಾಯ್ರೆ?"

ಇನ್ನೆಂತ ಹೆದರಿಕೆ! ಈ ಪ್ರಶ್ನೆಯಲ್ಲೇ ನಮ್ಮ ಅಜ್ಞಾನವೆಲ್ಲ ಅಡಗಿದೆ. ಹೆದರಿಕೆಯೆಂದರೆ ಅಪಾಯದ ಮೊದಲು ಬರಬೇಕಾದದ್ದು, ಅಪಾಯ ಕಳೆದ ಮೇಲೆ ಬಂದರೆ ಅದು ನಾಟಕ ಎಂದು ನಮ್ಮ ತಿಳಿವಳಿಕೆ. ದೋಣಿ ಮಗುಚಿ ಈಜಿ ದಡ ಸೇರಿದ ಗಂಗೊಳ್ಳಿಯ ಮೀನುಗಾರನನ್ನು ಕೇಳಿ ನೋಡಿ. ನೀರಿನಲ್ಲಿ ಕೈಕಾಲು ಬಡಿಯುತ್ತಿರುವಾಗ ಅವನಿಗೆ ಹೆದರಲು ಪುರಸತ್ತು ಇರುವುದಿಲ್ಲ. ಮೈ ನಡುಗುವುದು ದಡದ ಮೇಲೆ, ಮನೆಯ ಜಗಲಿಯಲ್ಲಿ, ಹೆಂಡತಿ ಕೊಟ್ಟ ಬಿಸಿ ಚಾ ಕೈಯಲ್ಲಿ ಹಿಡಿದಾಗ. ಅವನನ್ನು ಹೇಡಿ ಎನ್ನುವವರು ಯಾರೂ ಇಲ್ಲ. ಆದರೆ ಹೊಟ್ಟೆ ಕೊಯ್ಸಿಕೊಂಡು ಬಂದವನು ನಡುಗಿದರೆ ನಗುತ್ತೇವೆ.

ವೈದ್ಯರು ಪ್ಯಾನಿಕ್ ಅಟ್ಯಾಕ್ ಎನ್ನುವುದನ್ನು ನಾನು ದಿಗಿಲು ಎಂದು ಕರೆಯುತ್ತೇನೆ. ಮಾತು ಹಳೆಯದು, ಅರ್ಥ ಸರಿಯಾಗಿ ಕೂರುತ್ತದೆ. ಈ ದಿಗಿಲು ನಡೆಯುವ ಬಗೆ ಗೊತ್ತಿಲ್ಲದ ರಹಸ್ಯವೇನಲ್ಲ. ಹುಲಿ ಎದುರಾದಾಗ ಓಡಲೆಂದು ದೇಹ ಇಟ್ಟುಕೊಂಡಿರುವ ಏರ್ಪಾಡು, ಹುಲಿ ಇಲ್ಲದಾಗ ತಾನಾಗಿ ಚಾಲೂ ಆಗುತ್ತದೆ. ಅಡ್ರಿನಲಿನ್ ರಕ್ತಕ್ಕಿಳಿದು ಗುಂಡಿಗೆಯನ್ನು ಓಡಿಸುತ್ತದೆ. ಉಸಿರು ಅತಿಯಾಗಿ ಬೀಸಿ ಬೀಸಿ ರಕ್ತದ ಇಂಗಾಲಾಮ್ಲ ಕಡಮೆಯಾಗುತ್ತದೆ, ಬೆರಳು ಜುಮುಗುಟ್ಟುವುದೂ ತಲೆ ತಿರುಗುವುದೂ ಅದರಿಂದ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಶಿಖರಕ್ಕೇರಿ, ಅರ್ಧ ಗಂಟೆಯ ಸುಮಾರಿಗೆ ಇಳಿಯುತ್ತದೆ. ದಿಗಿಲಿನಿಂದಲೇ ಯಾರೂ ಸಾಯುವುದಿಲ್ಲ. ಆದರೆ ಒಮ್ಮೆ ಬಂದ ಮೇಲೆ ಮತ್ತೆ ಬಂದೀತೆಂಬ ಭಯ ಮನೆ ಮಾಡುತ್ತದೆ. ಬಂದ ಜಾಗಕ್ಕೆ ಹೋಗಬಾರದೆನಿಸುತ್ತದೆ. ಇಂದು ಬಸ್ಸು, ನಾಳೆ ಸಂತೆ, ನಾಡಿದ್ದು ದೇವಸ್ಥಾನ. ಕೊನೆಗೆ ಹೊಸ್ತಿಲು ದಾಟುವುದೇ ನಿಲ್ಲುತ್ತದೆ.

ಶಸ್ತ್ರಚಿಕಿತ್ಸೆಗೂ ಇದಕ್ಕೂ ಏನು ಸಂಬಂಧ? ಇಲ್ಲಿ ಎರಡು ಪಕ್ಷದವರೂ ತಪ್ಪುತ್ತಾರೆ. ಊರಿನವರು, "ಬೆನ್ನಿಗ್ ಹಾಕಿದ್ ಮದ್ದ್ ತಲಿಗ್ ಏರಿತ್" ಎನ್ನುತ್ತಾರೆ. ಆಸ್ಪತ್ರೆಯವರು, ಅರಿವಳಿಕೆಯ ಮದ್ದು ಮೈಯಿಂದ ಹೋಗಿ ಎಷ್ಟೋ ದಿನವಾಯಿತು, ಆದ್ದರಿಂದ ನಿಮಗೆ ಏನೂ ಆಗಿಲ್ಲ ಎನ್ನುತ್ತಾರೆ. ಈಗ ಬಳಸುವ ಅರಿವಳಿಕೆಯ ಮದ್ದುಗಳು ಬಹುಮಟ್ಟಿಗೆ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ ದೇಹವನ್ನು ಬಿಟ್ಟುಹೋಗುತ್ತವೆ ಎಂಬುದು ನಿಜ. ತಿಂಗಳ ಮೇಲೆ ಬರುವ ದಿಗಿಲಿಗೆ ಆ ಮದ್ದನ್ನೇ ದೂರುವುದು ಸಲ್ಲದು. ಹಾಗೆ ದೂರಿ, ಮುಂದೆ ನಿಜವಾಗಿ ಬೇಕಾದ ಶಸ್ತ್ರಚಿಕಿತ್ಸೆಯನ್ನೂ ಬೇಡವೆಂದು ಜೀವಕ್ಕೆ ಎರವಾಗುವವರೂ ಉಂಟು. ಆದರೆ ಮದ್ದು ಹೋಯಿತು ಎಂದ ಮಾತ್ರಕ್ಕೆ ಅನುಭವವೂ ಹೋಯಿತೆಂದು ಯಾರು ಹೇಳಿದರು? ಬೆಂಕಿ ಆರಿದ ಮೇಲೆ ಸುಟ್ಟ ಗಾಯ ಇರುವುದಿಲ್ಲವೆ?

ಕಾರಣಗಳು ಹಲವು, ಅವು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ನೋವು, ನಿದ್ರೆಗೇಡು, ಉಪವಾಸ, ಅಪರಿಚಿತ ಜಾಗ. ಮೊದಲೇ ಅಂಜುಬುರುಕ ಪ್ರಕೃತಿಯಿದ್ದರೆ ಅದು. ದಿನವೂ ಕುಡಿಯುವವನಿಗೆ ಅಥವಾ ನಿದ್ರೆಯ ಮಾತ್ರೆ ನುಂಗುವವನಿಗೆ ಆಸ್ಪತ್ರೆಯಲ್ಲಿ ಅದು ಥಟ್ಟನೆ ನಿಂತುಹೋಗುವುದು. ವಾಂತಿ ತಡೆಯಲು ಕೊಡುವ ಮೆಟೊಕ್ಲೊಪ್ರಮೈಡ್ ಎಂಬ ಸೂಜಿಮದ್ದು ಕೆಲವರಲ್ಲಿ ಕುಳಿತಲ್ಲಿ ಕೂರಲಾರದ ವಿಚಿತ್ರ ಚಡಪಡಿಕೆಯನ್ನು ಹುಟ್ಟಿಸುತ್ತದೆ. ಕೆಟಮಿನ್ ಎಂಬ ಅರಿವಳಿಕೆಯಿಂದ ಎಚ್ಚರವಾಗುವಾಗ ಕೆಲವರಿಗೆ ಭಯಂಕರ ಕನಸುಗಳು ಕಾಣುತ್ತವೆ ಎಂಬುದು ವೈದ್ಯರಿಗೆ ಆ ಮದ್ದು ಬಂದ ಕಾಲದಿಂದಲೂ ಗೊತ್ತು. ಬೆನ್ನಿಗೆ ಚುಚ್ಚುವ ಅರಿವಳಿಕೆಯಲ್ಲಿ ಮರಗಟ್ಟುವಿಕೆ ಎದೆಯವರೆಗೆ ಏರಿದರೆ, ಉಸಿರು ಆಡುತ್ತಿದ್ದರೂ ಆಡುತ್ತಿಲ್ಲವೆಂದು ತೋರುತ್ತದೆ. "ನಾನು ಉಸಿರಾಡುತ್ತಿಲ್ಲ" ಎಂದು ಕೂಗುವ ಹೆಂಗಸಿಗೆ "ಸುಮ್ಮನಿರಮ್ಮ" ಎಂಬ ಉತ್ತರ ಸಿಗುತ್ತದೆ. ಪೂರ್ಣ ಅರಿವಳಿಕೆಯ ನಡುವೆ ಎಚ್ಚರವಾಗಿಬಿಡುವುದೂ ಉಂಟು, ಆದರೆ ಅದು ಬಹಳ ಅಪರೂಪ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯೊಂದು, ಹಾಗಾಯಿತೆಂದು ರೋಗಿಗಳು ತಾವಾಗಿ ಹೇಳಿಕೊಂಡದ್ದು ಸುಮಾರು 19,000ಕ್ಕೆ ಒಂದು ಎಂದು ಲೆಕ್ಕ ಕೊಟ್ಟಿತು. ಆದ್ದರಿಂದ ಆ ಒಂದನ್ನು ನೆನೆದು ಎಲ್ಲರೂ ಹೆದರಬೇಕಾಗಿಲ್ಲ. ಆದರೆ ಹಾಗಾಯಿತು ಎಂದು ಹೇಳುವ ರೋಗಿಯನ್ನು ನಂಬಬೇಕಾಗಿದೆ.

ವೃದ್ಧರದು ಬೇರೆಯೇ ಕಥೆ. ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಎಂಬತ್ತರ ಮುದುಕಿ, ಶಸ್ತ್ರಚಿಕಿತ್ಸೆಯ ಮರುರಾತ್ರಿ ಮಗನ ಗುರುತು ಸಿಗದೆ ಕೊಳವೆ ಕಿತ್ತು ಹಾಕಿ, ಗೋಡೆಯ ಮೇಲೆ ಯಾರೋ ಇದ್ದಾರೆ ಎನ್ನುತ್ತಾಳೆ. "ಅರಳು ಮರಳು" ಎಂದು ಮನೆಯವರು, "ಕಟ್ಟಿಹಾಕಿ" ಎಂದು ವಾರ್ಡಿನವರು. ಇದು ಹುಚ್ಚಲ್ಲ, ದೆವ್ವವಲ್ಲ. ಡೆಲಿರಿಯಂ ಎಂಬ, ಹೆಸರೂ ಚಿಕಿತ್ಸೆಯೂ ಇರುವ ಸ್ಥಿತಿ. 1999ರಲ್ಲಿ ಅಮೆರಿಕದಲ್ಲಿ ಶರಾನ್ ಇನೌಯೆ ಎಂಬ ವೈದ್ಯೆಯೂ ಸಂಗಡಿಗರೂ ಆಸ್ಪತ್ರೆ ಸೇರಿದ 852 ವೃದ್ಧರ ಅಧ್ಯಯನವನ್ನು ಪ್ರಕಟಿಸಿದರು. ಅವರು ಶಸ್ತ್ರಚಿಕಿತ್ಸೆಯ ರೋಗಿಗಳಲ್ಲ, ಸಾಮಾನ್ಯ ವಾರ್ಡಿನವರು. ಅವರಲ್ಲಿ ಅರ್ಧ ಮಂದಿಗೆ ವಿಶೇಷ ಮದ್ದೇನನ್ನೂ ಕೊಡಲಿಲ್ಲ. ಕನ್ನಡಕ ಹಾಕಿಸಿದರು, ಕಿವಿ ಕೇಳುವಂತೆ ಮಾಡಿದರು, ಇಂದು ಯಾವ ವಾರ ಎಂದು ದಿನವೂ ಹೇಳಿದರು, ನಡೆದಾಡಿಸಿದರು, ನೀರು ಕುಡಿಸಿದರು, ರಾತ್ರಿ ನಿದ್ರೆ ಕೆಡದಂತೆ ನೋಡಿದರು. ಬುದ್ಧಿಭ್ರಮೆ ನೂರಕ್ಕೆ 15ರಿಂದ 9.9ಕ್ಕೆ ಇಳಿಯಿತು. ಒಂದು ಕನ್ನಡಕ, ಒಂದು ಲೋಟ ನೀರು, ಒಂದು ಪರಿಚಿತ ಮುಖ! ನಮ್ಮಲ್ಲಿ ಮಾಡುವುದೇನು? ದಾಖಲಾದ ಕೂಡಲೇ ಕನ್ನಡಕವನ್ನೂ ಕಟ್ಟುಹಲ್ಲನ್ನೂ ಪೊಟ್ಟಣ ಕಟ್ಟಿ ಮನೆಗೆ ಕಳಿಸುವುದು, ಮಗಳನ್ನು ಬಾಗಿಲಾಚೆ ನಿಲ್ಲಿಸುವುದು.

ಇನ್ನು ಬಾಣಂತಿಯರ ಮಾತು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆರಿಗೆಗಳಲ್ಲಿ ನೂರಕ್ಕೆ 21.5 ಸಿಸೇರಿಯನ್, ಕರ್ನಾಟಕದಲ್ಲಿ 31.5. ಎಂದರೆ ನಮ್ಮ ನಾಡಿನ ಮೂರು ತಾಯಂದಿರಲ್ಲಿ ಸುಮಾರು ಒಬ್ಬಳು ಮೇಜಿನ ಮೇಲೆ ಮಲಗಿ, ಸೊಂಟದ ಕೆಳಗೆ ಮೈ ಕಳೆದುಕೊಂಡು, ಪರದೆಯ ಆಚೆ ತನ್ನ ಹೊಟ್ಟೆ ಕೊಯ್ಯುವ ಸದ್ದು ಕೇಳುತ್ತ ಎಚ್ಚರವಾಗಿರುತ್ತಾಳೆ. ಅದರಲ್ಲೂ ಹೆರಿಗೆಯ ನಡುವೆ ಗಾಬರಿಯಿಂದ ಓಡಿಸಿಕೊಂಡು ಹೋಗಿ ಮಾಡಿದ ಸಿಸೇರಿಯನ್ನು ಮನಸ್ಸಿನಲ್ಲಿ ಉಳಿಸುವ ಗುರುತು ಆಳವಾದದ್ದು. ಆಮೇಲೆ ಅವಳಿಗೆ ನಮ್ಮ ಮನೆಗಳು ಕೊಡುವುದೇನು? ಬಿಸಿನೀರು, ಕಷಾಯ, ಎಣ್ಣೆ, ಬಾಣಂತಿ ಲೇಹ್ಯ, ಎಲ್ಲ ಒಳ್ಳೆಯದೇ. ಆದರೆ ನಡುರಾತ್ರಿ ಅವಳು ಎದೆ ಹಿಡಿದುಕೊಂಡು ಎದ್ದರೆ, "ಎಂತದೂ ಆತಿಲ್ಲೆ, ಸುಮ್ನೆ ಮನಿಕೊ ಮಗಾ" ಎಂಬ ಮಾತು. ಪ್ರೀತಿಯಿಂದ ಆಡಿದ ಮಾತೇ ಅದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಪ್ರೀತಿ ಬಾಯಿ ಮುಚ್ಚಿಸುವ ಪ್ರೀತಿ. ಮಗು ಚೆನ್ನಾಗಿದೆ, ಗಂಡ ಬೊಂಬಾಯಿಯಿಂದ ದುಡ್ಡು ಕಳಿಸುತ್ತಾನೆ, ನಿನಗೇನು ಕಡಮೆ ಎಂದು ಕೇಳಿದ ಮೇಲೆ ಅವಳು ಹೇಳುವುದು ನಿಲ್ಲಿಸುತ್ತಾಳೆ. ಮೌನವನ್ನು ನಾವು ಗುಣವೆಂದು ಬರೆದುಕೊಳ್ಳುತ್ತೇವೆ.

ಮೌನ ಮುಂದುವರಿದರೆ ಪಾತ್ರಿಯ ಬಳಿಗೆ. ನಾನು ಪಾತ್ರಿಗಳನ್ನು ಹೀಗಳೆದು ವಿಚಾರವಂತನೆನಿಸಿಕೊಳ್ಳಲು ಹೊರಟಿಲ್ಲ. ನಿಜ ಹೇಳುವುದಾದರೆ ಅಲ್ಲಿ ನಡೆಯುವ ಒಂದು ಕೆಲಸ ನಮ್ಮ ಆಸ್ಪತ್ರೆಗಳಲ್ಲಿ ನಡೆಯುವುದಿಲ್ಲ. ಅಲ್ಲಿ ಕುಟುಂಬವೆಲ್ಲ ಒಟ್ಟಿಗೆ ಕೂರುತ್ತದೆ, ಯಾವಾಗ ಶುರುವಾಯಿತು, ಎಲ್ಲಿ ಶುರುವಾಯಿತು ಎಂದು ಯಾರಾದರೂ ಕೇಳುತ್ತಾರೆ, ಕೇಳಿಸಿಕೊಳ್ಳುತ್ತಾರೆ, "ಭಯ ಬೇಡ, ನಾನಿದ್ದೇನೆ" ಎಂಬ ಅಭಯ ಸಿಗುತ್ತದೆ. ಬಹಳ ಜನ ಅಷ್ಟರಿಂದಲೇ ಅರ್ಧ ಚೇತರಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಕೆಟ್ಟದ್ದೂ ಉಂಟು. ಹರಕೆಯ ಖರ್ಚು, ತಿಂಗಳುಗಟ್ಟಲೆ ವಿಳಂಬ, ಎಲ್ಲಕ್ಕಿಂತ ಮಿಗಿಲಾಗಿ, ತಪ್ಪು ಯಾರದೆಂದು ಹುಡುಕುವಾಗ ಅದು ಹೆಚ್ಚಾಗಿ ಆ ಹೆಣ್ಣಿನ ತಲೆಗೇ ಬರುವುದು. ಅಭಯ ಎಂಬುದು ದೈವದ ಚಾವಡಿಯಲ್ಲಿ ಮಾತ್ರ ದೊರೆತು ಆಸ್ಪತ್ರೆಯ ಅಂಗಳದಲ್ಲಿ ದೊರೆಯದಿದ್ದರೆ, ಜನ ಚಾವಡಿಗೆ ಹೋಗುವುದು ಜನರ ಮೌಢ್ಯವೋ, ಆಸ್ಪತ್ರೆಯ ಬಡತನವೋ?

ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ ಎನ್ನುವ ಹಿರಿಯರಿದ್ದಾರೆ. ಅವರ ಕಾಲ ಯಾವುದೆಂದು ಕೇಳಬೇಕು. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಮಾರ್ಟನ್ ಈಥರ್ ಕೊಟ್ಟು ತೋರಿಸಿದ. ಮರುವರ್ಷವೇ ಅದು ಕಲ್ಕತ್ತೆಗೆ ಬಂತು. 1847ರ ನವೆಂಬರಿನಲ್ಲಿ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರ್ಮನ್ನು ಬಳಕೆಗೆ ತಂದ. ಅದಕ್ಕೆ ಮೊದಲು ರೋಗಿಯನ್ನು ನಾಲ್ವರು ಹಿಡಿದುಕೊಂಡು ಕೊಯ್ಯುತ್ತಿದ್ದರು. ಆಗ ಭಯ ಇರಲಿಲ್ಲವೆ? ಇತ್ತು, ಕೂಗಿ ಹೇಳುತ್ತಿತ್ತು. ಅರಿವಳಿಕೆ ಬಂದು ಕೂಗನ್ನು ನಿಲ್ಲಿಸಿತು. ಅದು ಮನುಷ್ಯಕುಲಕ್ಕೆ ದೊರೆತ ಅತಿ ದೊಡ್ಡ ಉಪಕಾರಗಳಲ್ಲೊಂದು, ಸಂಶಯವಿಲ್ಲ. ಆದರೆ ಕೂಗು ನಿಂತಿತೆಂದು ಭಯವೂ ನಿಂತಿತೆಂದು ಭಾವಿಸಿದ್ದೇ ತಪ್ಪು.

ಅದಕ್ಕೂ ಹಿಂದೆ ಹೋಗೋಣ. ನಮ್ಮ ಪ್ರಾಚೀನ ವಿಜ್ಞಾನವನ್ನು ಸಭೆಗಳಲ್ಲಿ ಕೊಂಡಾಡುವವರು ಸುಶ್ರುತ ಮೂಗು ಜೋಡಿಸಿದ್ದನ್ನು ತಪ್ಪದೆ ಹೇಳುತ್ತಾರೆ. ಅದೇ ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ, ಗಾಯಗೊಂಡವನ ಆರೈಕೆಗೆಂದೇ ಮೀಸಲಾದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ, ಇಂಪಾಗಿ ಮಾತಾಡಬಲ್ಲ ಗೆಳೆಯರು ರೋಗಿಯ ಬಳಿ ಕುಳಿತು, ಧೈರ್ಯ ಹೇಳುತ್ತ, ಕಥೆಗಳಿಂದ ಅವನ ನೋವನ್ನು ಮರೆಸಬೇಕೆಂಬ ವಿಧಿಯಿದೆ. ಅದನ್ನು ಸಭೆಯಲ್ಲಿ ಯಾರೂ ಹೇಳುವುದಿಲ್ಲ. ಶಸ್ತ್ರ ಹಿಡಿದ ಆ ಹಳೆಯ ವೈದ್ಯನಿಗೆ ಗಾಯಕ್ಕೆ ಪಟ್ಟಿ ಕಟ್ಟುವುದೂ ಭಯಕ್ಕೆ ಮಾತು ಕೊಡುವುದೂ ಒಂದೇ ಚಿಕಿತ್ಸೆಯ ಎರಡು ಕೈಗಳಾಗಿದ್ದವು. ಮೂಗನ್ನು ಮಾತ್ರ ಉಳಿಸಿಕೊಂಡು ಮಾತನ್ನು ಬಿಟ್ಟವರು ನಾವು.

ಈಗ ಎದುರು ವಾದಗಳಿಗೆ ಬರುತ್ತೇನೆ. ಅವು ಮೂರು.

ಮೊದಲನೆಯದು: "ಇದನ್ನೆಲ್ಲ ಮೊದಲೇ ಹೇಳಿದರೆ ಹೆದರದವನೂ ಹೆದರುತ್ತಾನೆ." ಕೇಳುವುದಕ್ಕೆ ಇದು ವಿವೇಕದ ಮಾತಿನಂತಿದೆ. ಪರೀಕ್ಷಿಸಿದವರಿಗೆ ಹಾಗೆ ಕಂಡುಬರಲಿಲ್ಲ. 1963ರಲ್ಲಿ ಅಮೆರಿಕದ ಎಗ್ಬರ್ಟ್ ಎಂಬ ಅರಿವಳಿಕೆ ತಜ್ಞ ಮತ್ತು ಸಂಗಡಿಗರು ಒಂದು ಸರಳ ಪ್ರಶ್ನೆ ಹಾಕಿಕೊಂಡರು: ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಯನ್ನು ಶಾಂತಗೊಳಿಸುವುದು ನಿದ್ರೆಯ ಮದ್ದೋ, ತಜ್ಞ ಬಂದು ಆಡುವ ನಾಲ್ಕು ಮಾತೋ? ಮದ್ದು ತೂಕಡಿಸುವಂತೆ ಮಾಡಿತು, ಸಮಾಧಾನ ತಂದದ್ದು ಮಾತು. ಮರುವರ್ಷ, 1964ರಲ್ಲಿ, ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ 97 ಮಂದಿಯ ಮೇಲೆ ಇನ್ನೊಂದು ಪರೀಕ್ಷೆಯ ಫಲ ಪ್ರಕಟವಾಯಿತು. ಮುಂದೆ ಎಲ್ಲಿ ನೋವಾಗುತ್ತದೆ, ಏಕೆ ಆಗುತ್ತದೆ, ಆಗ ಮೈಯನ್ನು ಹೇಗೆ ಸಡಿಲಿಸಬೇಕು ಎಂದು ಮೊದಲೇ ತಿಳಿಸಿಕೊಟ್ಟವರಿಗೆ, ಹೇಳದೆ ಬಿಟ್ಟವರಿಗಿಂತ ಅರ್ಧದಷ್ಟು ನೋವಿನ ಮದ್ದು ಸಾಕಾಯಿತು. ಅವರು ಮನೆಗೆ ಹೋಗಲು ಸಿದ್ಧರಾದದ್ದೂ ಎರಡು ದಿನಕ್ಕಿಂತ ಮೊದಲೇ. ಅರವತ್ತು ವರ್ಷಗಳ ಹಿಂದಿನ ಈ ತಿಳಿವಳಿಕೆ ನಮ್ಮ ಹೆದ್ದಾರಿಯ ಬದಿಯ ಆಸ್ಪತ್ರೆಗಳಿಗೆ ಇನ್ನೂ ಬಂದು ಮುಟ್ಟಿಲ್ಲವೆಂದರೆ ಯಾವ ಬಸ್ಸಿನಲ್ಲಿ ಬರುತ್ತಿದೆಯೋ ತಿಳಿಯದು. ಹೇಳಿದರೆ ಹೆದರುತ್ತಾರೆ ಎನ್ನುವವರು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವಾಗ ಮಾತ್ರ "ಜೀವಕ್ಕೆ ಅಪಾಯವಾದರೆ ನಾವು ಹೊಣೆಯಲ್ಲ" ಎಂದು ಸಂಕೋಚವಿಲ್ಲದೆ ಹೇಳುತ್ತಾರೆ, ಅದನ್ನೂ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ. ಸಾವಿನ ಮಾತು ಹೆದರಿಸುವುದಿಲ್ಲ, ಸಮಾಧಾನದ ಮಾತು ಹೆದರಿಸುತ್ತದೆ ಎಂಬ ಈ ತರ್ಕ ನನಗೆ ಅರ್ಥವಾಗಿಲ್ಲ.

ಎರಡನೆಯದು: "ಪುರಸತ್ತೆಲ್ಲಿ?" ಈ ವಾದಕ್ಕೆ ನಾನು ಗೌರವ ಕೊಡುತ್ತೇನೆ. ತಾಲ್ಲೂಕುಗಳಲ್ಲಿ ಒಬ್ಬರೇ ಅರಿವಳಿಕೆ ತಜ್ಞರು ಒಂದೇ ಬೆಳಿಗ್ಗೆ ಎರಡು ಮೂರು ಆಸ್ಪತ್ರೆಗಳಿಗೆ ಓಡುವುದುಂಟು. ಅವರು ಕೂತು ಮಾತಾಡಲಾರರು. ಆದರೆ ಮಾತಾಡಲು ತಜ್ಞರೇ ಬೇಕೆಂದವರು ಯಾರು? ನರ್ಸು ಹೇಳಬಹುದು. ಬೈಂದೂರಿನ ಹೆಂಗಸಿಗೆ ಅವಳದೇ ಕುಂದಗನ್ನಡದಲ್ಲಿ ಹೇಳಬಲ್ಲ ಆಯಾ ಹೇಳಬಹುದು. ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ ಹೇಗೂ ಬರುತ್ತಾಳೆ. ಸಿಸೇರಿಯನ್ ಆದ ತಾಯಿಯ ಮನೆಗೆ 7, 14, 21, 28, 42ನೆಯ ದಿನಗಳಲ್ಲಿ ಬರಬೇಕೆಂದು ಸರಕಾರದ ಕಾರ್ಯಕ್ರಮವೇ ಇದೆ. ಬಂದು ಮಗುವಿನ ತೂಕ ನೋಡುತ್ತಾಳೆ, ಮೈ ಬಿಸಿ ನೋಡುತ್ತಾಳೆ. "ರಾತ್ರಿ ನಿದ್ರೆ ಬತ್ತಾ? ಎದೆ ಢವಢವ ಅಂತಾ?" ಎಂದು ಕೇಳಲು ಹೆಚ್ಚಿನ ಒಂದು ನಿಮಿಷ ಸಾಕು. ಆ ನಿಮಿಷಕ್ಕೆ ಸಲ್ಲುವ ಗೌರವಧನವನ್ನೂ ಅವಳಿಗೆ ಕೊಡಿ ಎಂದು ಸೇರಿಸುತ್ತೇನೆ. ಎಲ್ಲ ಹೊರೆಯನ್ನೂ ಅವಳ ತಲೆಗೇ ಬಿಟ್ಟಿಯಾಗಿ ಹೊರಿಸುವುದು ನಮ್ಮ ರೂಢಿಯಾಗಿದೆ.

ಮೂರನೆಯದು: "ಇದೆಲ್ಲ ಮನಸ್ಸಿನದು, ಗಟ್ಟಿ ಮಾಡಿಕೊಂಡರೆ ಹೋಗುತ್ತದೆ." ಹಗ್ಗವನ್ನು ಕಂಡು ಹಾವೆಂದು ಹೆದರಿದವನ ದೃಷ್ಟಾಂತ ನಮ್ಮ ವೇದಾಂತಿಗಳಿಗೆಲ್ಲ ಬಾಯಿಪಾಠ. ಹಾವು ಸುಳ್ಳು, ಒಪ್ಪೋಣ. ಬೆವರು ಸುಳ್ಳೆ? ನಡುಕ ಸುಳ್ಳೆ? ಹೆದರಿದವನಿಗೆ "ಮೂರ್ಖ, ಅದು ಹಗ್ಗ" ಎಂದು ಕತ್ತಲೆಯಲ್ಲಿ ನಿಂತು ಬೈದರೆ ಭ್ರಮೆ ಹೋಗದು. ದೀಪ ತರಬೇಕು. "ಎಲ್ಲ ನಾರ್ಮಲ್" ಎನ್ನುವುದು ಬೈಗುಳದ ಸಭ್ಯ ರೂಪ, ದೀಪವಲ್ಲ. ನನಗೆ ದೀಪ ತಂದವರು ನಾಲ್ಕನೆಯ ಸಲ ಓಡಿಹೋದಾಗ ಸಿಕ್ಕಿದ ಒಬ್ಬ ಕಿರಿಯ ವೈದ್ಯರು. ಅವರು ಕುರ್ಚಿ ಎಳೆದು ಎದುರು ಕೂತು, ಮೇಲೆ ನಾನು ಬರೆದ ದಿಗಿಲಿನ ಕಥೆಯನ್ನು ಕಾಲು ಗಂಟೆ ವಿವರಿಸಿದರು. ಉಸಿರನ್ನು ಎಳೆಯುವುದಕ್ಕಿಂತ ನಿಧಾನವಾಗಿ ಬಿಡುವುದನ್ನು ಕಲಿಸಿದರು. ಬಂದಾಗ ಓಡದೆ ಗಡಿಯಾರ ನೋಡುತ್ತ ಕೂತಿರಿ, ಏರಿದ್ದು ಇಳಿಯುತ್ತದೆ ಎಂದರು. ಬಸ್ಸನ್ನು ಬಿಡಬೇಡಿ, ಮೊದಲು ಒಂದು ನಿಲುಗಡೆಯ ದೂರ, ಆಮೇಲೆ ಎರಡು ಎಂದರು. ಮನೋವೈದ್ಯರ ಬಳಿಗೂ ಕಳಿಸಿದರು. ಕೆಲವು ತಿಂಗಳು ಮಾತ್ರೆ ನುಂಗಿದೆ, ಅವರ ಮಾತಿನಂತೆಯೇ ನಿಧಾನವಾಗಿ ಬಿಟ್ಟೆ. ಗಟ್ಟಿ ಮನಸ್ಸು ಎಂಬುದು ಇದ್ದರೆ ಅದು ಹೀಗೆ ಕಲಿತು ಬಂದದ್ದು, ಬೈಸಿಕೊಂಡು ಬಂದದ್ದಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನನ್ನ ವಾದವೇ ಅಪಾಯಕಾರಿಯಾದೀತು. ಶಸ್ತ್ರಚಿಕಿತ್ಸೆಯ ಅನಂತರ ಬರುವ ಉಸಿರುಕಟ್ಟೆಲ್ಲ ದಿಗಿಲಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೂ ಇಂಥದೇ ಲಕ್ಷಣ, ಅದು ಪ್ರಾಣಾಂತಿಕ. ಥೈರಾಯಿಡ್ ಗ್ರಂಥಿಯನ್ನು ತೆಗೆದ ಮೇಲೆ ಸುಣ್ಣದಂಶ ಇಳಿದರೂ ಬೆರಳು ಜುಮುಗುಟ್ಟುತ್ತದೆ. ಎದೆನೋವು, ಒಂದೇ ಕಾಲಿನ ಬಾವು, ಜ್ವರ, ಮಂಕು, ಇವುಗಳಿದ್ದರೆ ಉಸಿರಿನ ಅಭ್ಯಾಸ ಮಾಡುತ್ತ ಕೂರದೆ ಆಸ್ಪತ್ರೆಗೆ ಓಡಬೇಕು. ಮೊದಲ ಸಲ ಬಂದಾಗಲಂತೂ ಪರೀಕ್ಷೆ ಮಾಡಿಸಲೇಬೇಕು. ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಯಲ್ಲಿ ಏನೂ ಕಾಣದ ಮೇಲೆ ವೈದ್ಯನ ಕೆಲಸ ಮುಗಿಯುವುದಿಲ್ಲ, ಅಲ್ಲಿಂದ ಇನ್ನೊಂದು ಕೆಲಸ ಆರಂಭವಾಗುತ್ತದೆ ಎನ್ನುತ್ತಿದ್ದೇನೆ.

ಸರಕಾರ ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. ಕಾಗದದ ಮೇಲೆ ಸಾಕಷ್ಟಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆ 2018ರಿಂದ ಜಾರಿಯಲ್ಲಿದೆ. ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೆಯೇ ವಿಮೆಯ ಸೌಲಭ್ಯ ಇರಬೇಕೆಂದು ಅದು ವಿಧಿಸುತ್ತದೆ. 2014ರಲ್ಲಿ ನಮ್ಮ ರಾಜ್ಯ ಮನೋಚೈತನ್ಯ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರನ್ನು ಕಳಿಸುವ ಏರ್ಪಾಡು ಆರಂಭಿಸಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಆರಂಭವಾಯಿತು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆಯಾಗಿ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೈಂದೂರಿನಿಂದ ಮಣಿಪಾಲಕ್ಕೆ ಹೋಗಿಬಂದರೆ ಒಂದು ದಿನದ ಕೂಲಿ ಕಳೆದುಕೊಳ್ಳುವ ಗೇರುಬೀಜ ಕಾರ್ಖಾನೆಯ ಹೆಂಗಸಿಗೆ ಇದು ಸಣ್ಣ ವಿಷಯವಲ್ಲ. ಆದರೆ 2015-16ರಲ್ಲಿ ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ, ಆತಂಕ ಖಿನ್ನತೆಗಳಂಥ ಸಾಮಾನ್ಯ ಮನೋರೋಗಗಳುಳ್ಳವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆ ದೊರೆತಿಲ್ಲವೆಂದು ಕಂಡಿತು. ಬಾವಿಯಲ್ಲಿ ನೀರಿದೆ, ಹಗ್ಗ ಬಿಂದಿಗೆಗಳಿಲ್ಲ. ಮಂಗಳವಾರದ ವೈದ್ಯರ ಸುದ್ದಿಯನ್ನು ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಯಾರು ಹೇಳುತ್ತಾರೆ? 14416 ಎಂಬ ಸಂಖ್ಯೆ ನನ್ನ ಬಿಡುಗಡೆಯ ಚೀಟಿಯಲ್ಲಿ ಎಲ್ಲಿತ್ತು?

ಆ ಚೀಟಿ ಈಗಲೂ ನನ್ನ ಬಳಿ ಇದೆ. ಅದರಲ್ಲಿ ಎಣ್ಣೆ ಪದಾರ್ಥ ತಿನ್ನಬೇಡಿ ಎಂದಿದೆ, ಭಾರ ಎತ್ತಬೇಡಿ ಎಂದಿದೆ, ಗಾಯಕ್ಕೆ ನೀರು ತಾಗಿಸಬೇಡಿ ಎಂದಿದೆ. ನಾನು ಕೇಳುವುದು ಅದರಲ್ಲಿ ಇನ್ನು ಮೂರು ಸಾಲು, ಕನ್ನಡದಲ್ಲಿ: "ಕೆಲವರಿಗೆ ಮುಂದಿನ ವಾರಗಳಲ್ಲಿ ಕಾರಣವಿಲ್ಲದೆ ಹೆದರಿಕೆ, ಎದೆಬಡಿತ, ನಿದ್ರೆಗೇಡು ಬರಬಹುದು. ಬಂದರೆ ಮುಚ್ಚಿಡಬೇಡಿ, ನಮಗೆ ತಿಳಿಸಿ, ಪರೀಕ್ಷಿಸಿ ನೋಡುತ್ತೇವೆ. ಇದಕ್ಕೆ ಚಿಕಿತ್ಸೆ ಇದೆ." ಅದರ ಕೆಳಗೆ ಆ ಐದು ಅಂಕೆಗಳು. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಕಾಲು ಗಂಟೆಯ ಮಾತು. ಎಚ್ಚರವಾಗುವಾಗ ಎದುರಿಗೆ ಮನೆಯವರ ಒಂದು ಮುಖ. ಮುದುಕರ ಮೂಗಿನ ಮೇಲೆ ಅವರ ಕನ್ನಡಕ. ಹೊಲಿಗೆ ಬಿಚ್ಚುವ ದಿನ, ಹೊಲಿಗೆಯ ವಿಷಯವಲ್ಲದ ಒಂದು ಪ್ರಶ್ನೆ. ಇದಕ್ಕೆ ಹೊಸ ಕಟ್ಟಡ ಬೇಡ, ಯಂತ್ರ ಬೇಡ, ಮಂತ್ರಿಗಳ ಶಿಲಾನ್ಯಾಸ ಬೇಡ.

ಮನೆಯವರಿಗೂ ಒಂದು ಮಾತು, ಏಕೆಂದರೆ ಎಲ್ಲವನ್ನೂ ಆಸ್ಪತ್ರೆಗೆ ಹೊರಿಸಿ ನಾವು ಜಗಲಿಯಲ್ಲಿ ಕೂರುವಂತಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಕೂತವರಿಗೆ "ಎಂತದೂ ಇಲ್ಲ" ಎನ್ನಬೇಡಿ. ಏನೋ ಇದೆ, ಅದಕ್ಕೇ ಅವರು ಎದ್ದು ಕೂತಿದ್ದಾರೆ. ದೀಪ ಹಾಕಿ, ಪಕ್ಕದಲ್ಲಿ ಕೂತು, "ಎಲ್ಲಿ, ಹೇಗೆ ಆಗುತ್ತಿದೆ, ಹೇಳು" ಎನ್ನಿ. ನನ್ನ ಹೆಂಡತಿ ಹಾಗೆ ಕೇಳಿದ ರಾತ್ರಿ ನಾನು ಆ "ಮೂರು" ಎಂಬುದರ ವಿಷಯವನ್ನು ಅವಳಿಗೆ ಮೊದಲ ಸಲ ಹೇಳಿದೆ. ಅವಳು ನಗಲಿಲ್ಲ. "ಹಂಗಾರೆ ಈಗ ಎಣಿಸಿ" ಎಂದಳು. ನಾನು ಎಣಿಸಿದೆ. ಮೂರು ದಾಟಿ ಎಲ್ಲಿಯವರೆಗೆ ಹೋಯಿತೋ ನೆನಪಿಲ್ಲ. ಬೆಳಗಾಗಿತ್ತು.